ಮೂರು ತಿಂಗಳ ಮೇಲೆ ಕಂಡ ಕೂದಲು

ಪಂಜರದಲ್ಲಿ ಬೋಳು ಬೆನ್ನಿನ ಇಲಿಯೇ ಕಾಣಲಿಲ್ಲ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಯವೆಟ್ ಟಾಶೆ, ಮಿಲಿಯನ್ ಮುಲುಗೆಟಾ ಮತ್ತು ಸಂಗಡಿಗರು ಕೂದಲಿನ ಗೊಡವೆಗೇ ಹೋದವರಲ್ಲ. ಒತ್ತಡಕ್ಕೆ ಕರುಳು ಏಕೆ ಕೆಡುತ್ತದೆಂದು ನೋಡುತ್ತಿದ್ದರು. ಅದಕ್ಕೆಂದೇ ಒತ್ತಡದ ಹಾರ್ಮೋನು ಸಿಆರ್‌ಎಫ್ ಮೈಯಲ್ಲಿ ಅತಿಯಾಗುವಂತೆ ಜೀನು ತಿದ್ದಿದ ಇಲಿಗಳನ್ನು ಸಾಕಿದ್ದರು. ವಯಸ್ಸಾಗುತ್ತ ಅವುಗಳ ಬೆನ್ನು ಬೋಳಾಗುತ್ತಿತ್ತು. ಆ ಹಾರ್ಮೋನನ್ನು ತಡೆಯುವ ಆಸ್ಟ್ರೆಸಿನ್-ಬಿ ಮದ್ದನ್ನು ದಿನಕ್ಕೊಮ್ಮೆ, ಐದು ದಿನ ಚುಚ್ಚಿ, ಕರುಳಿನ ಲೆಕ್ಕ ಬರೆದುಕೊಂಡು, ಕೂದಲುಳ್ಳ ಇಲಿಗಳ ಜತೆ ಬಿಟ್ಟರು. ಸುಮಾರು ಮೂರು ತಿಂಗಳ ಮೇಲೆ ಬಂದು ನೋಡಿದರೆ ಯಾವುದು ಯಾವುದೆಂದು ತಿಳಿಯದು. ಗುರುತಿನ ಸಂಖ್ಯೆ ತಾಳೆ ನೋಡಿದ ಮೇಲೆಯೇ ನಂಬಿಕೆ ಬಂತು. 2011ರ ಫೆಬ್ರುವರಿಯಲ್ಲಿ ಅದನ್ನು ಪ್ರಕಟಿಸಿದರು.

ಒತ್ತಡದ ಪೆಟ್ಟು ನಮ್ಮ ತಲೆಗೂ ಮುಟ್ಟುತ್ತದೆ, ತಡವಾಗಿ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ, 1989ರಲ್ಲಿ ರೈತರೇ ಕಟ್ಟಿಕೊಂಡ ಚಿಕ್ಕಪಡಸಲಗಿ ಬ್ಯಾರೇಜಿನ ಸೀಮೆಯಲ್ಲೂ ಜನ ಮನೆ ಬಿಟ್ಟು ಗಂಜಿ ಕೇಂದ್ರ ಸೇರಬೇಕಾಯಿತು. ಅಂಥ ದಿಗಿಲಿಗೆ, ಕಾಡುವ ಜ್ವರಕ್ಕೆ ಕೂದಲ ಬೇರು ಬೆಳೆಯುವುದನ್ನು ಬಿಟ್ಟು ಮಲಗುತ್ತದೆ. ಉದುರುವುದು ಎರಡು-ಮೂರು ತಿಂಗಳು ಕಳೆದು. ಆಗಸ್ಟ್‌ನ ಪೆಟ್ಟು ಹಣಿಗೆಗೆ ಸಿಗುವುದು ದೀಪಾವಳಿ ಹೊತ್ತಿಗೆ. ಅಷ್ಟರಲ್ಲಿ ಹೊಳೆ ಇಳಿದಿರುತ್ತದೆ, ದಿಗಿಲೂ ಮರೆತಿರುತ್ತದೆ. "ನೀರ ಬದ್ಲಾತು, ಅದಕ್ಕ ಉದರಾಕತ್ತಾವ" ಎಂದು ಬೋರಿನ ಸವುಳು ನೀರಿನ ಮೇಲೆ ಹಾಕಿಬಿಡುತ್ತೇವೆ. ಈ ಉದುರುವಿಕೆಯನ್ನು ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ 1961ರಲ್ಲೇ ವಿವರಿಸಿದ್ದರು. ಬೇರನ್ನು ಒತ್ತಡ ಹೇಗೆ ಮಲಗಿಸುತ್ತದೆಂಬುದು ಮಾತ್ರ ಬಹುಕಾಲ ಬಿಡಿಸಲಾಗದೆ ಉಳಿಯಿತು.

ಸಿಆರ್‌ಎಫ್‌ನ ಅಪ್ಪಣೆ ಕೊನೆಗೆ ಮುಟ್ಟುವುದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ. ಹಾರ್ವರ್ಡ್‌ನಲ್ಲಿ ಯಾ-ಚಿಯೇ ಶೂ ಅವರ ತಂಡ ಇಲಿಗಳಿಂದ ಆ ಗ್ರಂಥಿಯನ್ನೇ ತೆಗೆಯಿತು. 60ರಿಂದ 100 ದಿನ ಮಲಗಬೇಕಿದ್ದ ಬೇರು 20 ದಿನದೊಳಗೆ ಎದ್ದಿತು. ಗ್ರಂಥಿ ಸುರಿಸುವ ಕಾರ್ಟಿಕೋಸ್ಟಿರೋನ್, ಮನುಷ್ಯರಲ್ಲಾದರೆ ಕಾರ್ಟಿಸಾಲ್, ಕೂದಲಿನ ಕಾಂಡಕೋಶಗಳ ತಂಟೆಗೆ ನೇರವಾಗಿ ಹೋಗುವುದಿಲ್ಲ. ಬೇರಿನ ಬುಡದ ಬೇರೆ ಕೋಶಗಳು ಜಿಎಎಸ್6 ಎಂಬ ಪ್ರೋಟೀನು ಕಳಿಸಿ ಅವನ್ನು ಎಬ್ಬಿಸುತ್ತಿರುತ್ತವೆ. ಹಾರ್ಮೋನು ಆ ಕೂಗನ್ನೇ ಅಡಗಿಸುತ್ತದೆ. ಜಿಎಎಸ್6 ಚರ್ಮದಲ್ಲಿ ಮತ್ತೆ ಸಿಗುವಂತೆ ಮಾಡಿದಾಗ, ಒತ್ತಡದಲ್ಲಿದ್ದ ಇಲಿಗೂ ಕೂದಲು ಬಂತು. ಇದು 2021ರ ಮಾತು.

ಆದರೆ ಇಲಿಯ ಕೂದಲು ಬಹುಕಾಲ ಮಲಗಿಯೇ ಇರುವಂಥದ್ದು. ನಮ್ಮ ತಲೆಯಲ್ಲಿ ನೂರಕ್ಕೆ 85-90 ಬೆಳೆಯುತ್ತಲೇ ಇರುತ್ತವೆ. ಹೀಗಾಗಿ ಅದರ ಮದ್ದು ನಮಗೆ ಹಾಗೇ ಒಗ್ಗುತ್ತದೆನ್ನುವಂತಿಲ್ಲ. ಒತ್ತಡಕ್ಕೆ ಉದುರಿದ್ದು ಬಹುಮಟ್ಟಿಗೆ ಕೆಲವು ತಿಂಗಳಲ್ಲಿ ತಾನಾಗಿ ಬರುತ್ತದೆ. ಹೆಸರು ಹೊಡೆಯುವುದು ಆ ಹೊತ್ತಿಗೆ ಹಚ್ಚುತ್ತಿದ್ದ ಎಣ್ಣೆ.