ಕಣದ ಕೊಳಗ, ಸಂತೆಯ ಕಾಸು

ನಮ್ಮ ಹಿಂದಿನ ಹಳ್ಳಿಗಳಲ್ಲಿ ದುಡ್ಡಿಗೆ ಬೆಲೆಯಿರಲಿಲ್ಲ, ನಂಬಿಕೆಯೇ ನಾಣ್ಯವಾಗಿತ್ತು ಎಂದು ಹೇಳುವವರುಂಟು. ಕೇಳುವುದಕ್ಕೆ ಹಿತವಾದ ಮಾತು. ಆದರೆ ಆ ನಂಬಿಕೆಯನ್ನು ಅಳೆಯುತ್ತಿದ್ದ ಕೊಳಗ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆಯನ್ನು ಅವರು ಸಾಮಾನ್ಯವಾಗಿ ಕೇಳುವುದಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಮೂರು ನಾಲ್ಕು ದಶಕಗಳಲ್ಲಿ ಮೈಸೂರು ಸೀಮೆಯ ಒಂದು ಮೂಲೆಯ ಹಳ್ಳಿಗರು ಏನನ್ನು ಕೊಂಡರು, ಏನನ್ನು ಕೊಟ್ಟರು, ಯಾವುದಕ್ಕೆ ಎಷ್ಟು ತೆತ್ತರು ಎಂದು ವಿಚಾರಿಸಿದರೆ, ಹಳ್ಳಿಯ ಬಾಳು ನಾವು ಬಗೆದುದಕ್ಕಿಂತ ಹೆಚ್ಚು ಜಟಿಲವಾಗಿತ್ತೆಂಬುದು ಮನದಟ್ಟಾಗುತ್ತದೆ.

ಆ ಮೂಲೆ ಉಯ್ಯಂಬಳ್ಳಿಯ ಸೀಮೆ. ಕನಕಪುರ ತಾಲ್ಲೂಕಿನ ದಕ್ಷಿಣದ ಹೋಬಳಿಯಿದು. ಆಗ ಕನಕಪುರಕ್ಕೆ ಕಾನಕಾನಹಳ್ಳಿಯೆಂದು ಹೆಸರು. ತಾಲ್ಲೂಕು ಬೆಂಗಳೂರು ಜಿಲ್ಲೆಗೆ ಸೇರಿತ್ತು. ಇಲ್ಲಿಂದ ದಕ್ಷಿಣಕ್ಕೆ ಸರಿದಂತೆ ಹೊಲಗಳು ಕಿರಿದಾಗಿ, ಕಾಡುಗುಡ್ಡಗಳು ಎದ್ದು, ನೆಲ ಕಾವೇರಿಯ ಕಣಿವೆಗೆ ಇಳಿಯುತ್ತದೆ. ಅರ್ಕಾವತಿ ಕಾವೇರಿಯನ್ನು ಕೂಡುವ ಸಂಗಮವೂ, ಅದರ ಕೆಳಗಿನ ಮೇಕೆದಾಟೂ ಈ ಕಣಿವೆಯಲ್ಲಿಯೇ ಇವೆ. ನದಿಯಾಚೆಯ ಕೊಳ್ಳೇಗಾಲ ಕನ್ನಡದ ನೆಲವೇ ಆದರೂ ಆಗ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅದು ಮೈಸೂರನ್ನು ಸೇರಿದ್ದು ೧೯೫೬ರ ನವೆಂಬರ್ ೧ರಂದು. ಹೀಗೆ ಒಂದೇ ಮಾತಾಡುವ ಎರಡು ದಡಗಳಿಗೆ ಬೇರೆ ಬೇರೆ ಸರ್ಕಾರ, ಬೇರೆ ಬೇರೆ ಕಚೇರಿ.

ಹೊಸ ಕಾಲ ಈ ಸೀಮೆಯ ಬದಿಯಲ್ಲಿಯೇ ಹಾದುಹೋಯಿತು. ಬೆಂಗಳೂರಿನಿಂದ ಹೊರಟ ರೈಲು ೧೮೮೧ರಲ್ಲಿ ಚನ್ನಪಟ್ಟಣ, ಮಂಡ್ಯಗಳನ್ನು ಮುಟ್ಟಿತು, ಕಾನಕಾನಹಳ್ಳಿಯತ್ತ ತಿರುಗಲಿಲ್ಲ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು ೯೨ ಮೈಲಿ ತಂತಿಯ ಮೇಲೆ ಈ ತಾಲ್ಲೂಕನ್ನು ಹಾಯ್ದು ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ತಂತಿಯ ಕೆಳಗಿನ ಮನೆಗಳಲ್ಲಿ ಹರಳೆಣ್ಣೆಯ ಹಣತೆಯೇ ಉರಿಯುತ್ತಿತ್ತು. ಪೇಟೆ ದೂರ, ದಾರಿ ಎತ್ತಿನ ಗಾಡಿಯದು. ಇಂಥ ಊರುಗಳಲ್ಲಿ ವ್ಯವಹಾರ ಮೂರು ಲೆಕ್ಕಗಳಲ್ಲಿ ನಡೆಯುತ್ತಿತ್ತು: ವರ್ಷಕ್ಕೊಮ್ಮೆ ಕಣದಲ್ಲಿ, ವಾರಕ್ಕೊಮ್ಮೆ ಸಂತೆಯಲ್ಲಿ, ದಿನದಿನವೂ ಅಂಗಡಿಯಲ್ಲಿ.

ಮೊದಲು ಕಣದ ಲೆಕ್ಕ. ಕೊಯ್ದ ರಾಗಿಯನ್ನು ಮೆದೆ ಒಟ್ಟಿ, ಸಂಕ್ರಾಂತಿಯ ಆಸುಪಾಸಿನಲ್ಲಿ ಕಣ ಸಾರಿಸಿ, ಗುಂಡು ಹೊಡೆದು, ಗಾಳಿಗೆ ತೂರಿ ರಾಶಿ ಮಾಡುವರು. ರಾಶಿಯ ಪೂಜೆಯಾಗದೆ ಅಳತೆಯಿಲ್ಲ. ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವುದು ಸಂಪ್ರದಾಯ. ನಾಲ್ಕು ಪಾವಿಗೆ ಒಂದು ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕೊಳಗಕ್ಕೆ ಎಷ್ಟು ಸೇರು ಎಂಬುದು ಮಾತ್ರ ಊರಿನಿಂದ ಊರಿಗೆ ಬದಲಾಗುತ್ತಿತ್ತು.

ರಾಶಿ ಮನೆಗೆ ಹೋಗುವ ಮುನ್ನ ಆಯಗಾರರ ಪಾಲು ಹೊರಡಬೇಕು. ನೇಗಿಲ ಗುಳವನ್ನು ಹದಮಾಡಿದ ಕಮ್ಮಾರ, ನೊಗ ಕೆತ್ತಿದ ಬಡಗಿ, ಬಟ್ಟೆ ಒಗೆದ ಅಗಸ, ಕ್ಷೌರಿಕ, ಕುಂಬಾರ, ಕೆರೆಯ ನೀರು ಹಂಚಿದ ನೀರಗಂಟಿ, ಊರು ಕಾದ ತಳವಾರ, ಓಲೆ ಒಯ್ದ ತೋಟಿ, ಕಪಿಲೆಯ ಚರ್ಮದ ಚೀಲವನ್ನೂ ಎಕ್ಕಡವನ್ನೂ ಹೊಲಿದ ಮಾದಿಗ, ಇವರೆಲ್ಲರಿಗೂ ವರ್ಷದ ದುಡಿಮೆಗೆ ಕೂಲಿ ಈ ಕಣದಲ್ಲಿಯೇ. ಮಾಡಿದ ಒಂದೊಂದು ಕೆಲಸಕ್ಕೂ ಬೆಲೆ ಕಟ್ಟುವ ರೂಢಿಯಿರಲಿಲ್ಲ. ಬೆಳೆ ಸೊರಗಿದ ವರ್ಷ ಪಾಲು ಸೊರಗಿದರೂ ಸಂಬಂಧ ಮುರಿಯುತ್ತಿರಲಿಲ್ಲ. ಮುರಿದ ನೊಗವನ್ನು ಹಿಡಿದು ಬಂದ ರೈತನಿಗೆ ಬಡಗಿ ‘ಕಾಸು ತಂದೆಯಾ?’ ಎಂದು ಕೇಳುತ್ತಿರಲಿಲ್ಲ. ಇದು ಈ ವ್ಯವಸ್ಥೆಯ ಗುಣ, ಸಣ್ಣ ಗುಣವಲ್ಲ.

ಆದರೆ ಇದರ ಮತ್ತೊಂದು ಮುಖವನ್ನೂ ನೋಡಬೇಕು. ಪೇಟೆಯಲ್ಲಿ ಕಬ್ಬಿಣದ ಧಾರಣೆ ಏರಿದರೂ ಕಮ್ಮಾರನ ಆಯ ಏರಲಿಲ್ಲ. ಕೊಳಗವನ್ನು ಮೇಲೆ ಗೋಪುರ ನಿಲ್ಲುವಂತೆ ತುಂಬುವುದೊಂದು ಬಗೆ, ಅಂಗೈಯಿಂದ ಅಂಚಿಗೆ ಸವರಿ ಅಳೆಯುವುದು ಇನ್ನೊಂದು ಬಗೆ. ಎರಡಕ್ಕೂ ಹೆಸರು ಕೊಳಗವೇ. ಯಾರಿಗೆ ಗೋಪುರ, ಯಾರಿಗೆ ಸವರಿದ ಅಳತೆ ಎಂಬುದನ್ನು ಅಳೆಯುವ ಕೈ ನಿರ್ಧರಿಸುತ್ತಿತ್ತು. ಎಲ್ಲರಿಗಿಂತ ಕೊನೆಗೆ ಕರೆ ಬರುತ್ತಿದ್ದುದು ಕಣದ ಹೊರಗೆ ನಿಂತವರಿಗೆ. ಅವರ ಸೆರಗಿಗೆ ಬೀಳುವ ಕಾಳಿನಲ್ಲಿ ಕಣದ ಮಣ್ಣೂ ಬೆರೆತಿರುತ್ತಿತ್ತು. ಬೆಲೆಯಿಲ್ಲದ ಕಡೆ ಚೌಕಾಸಿಗೂ ಎಡೆಯಿಲ್ಲ. ಕೊಟ್ಟದ್ದನ್ನು ಪಡೆಯುವುದೊಂದೇ ದಾರಿ.

ರಾಗಿಗೆ ಒಂದು ವಿಶೇಷ ಗುಣವಿದೆ: ಹುಳು ಹಿಡಿಯದೆ ವರ್ಷಗಟ್ಟಲೆ ಉಳಿಯುತ್ತದೆ. ಅದನ್ನು ನೆಲದೊಳಗೆ ತೋಡಿದ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುವರು. ತೆರೆದಾಗ ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಯಾರೂ ಇಳಿಯಬಾರದು. ಆತುರಪಟ್ಟು ಇಳಿದು ಪ್ರಾಣ ಕಳೆದುಕೊಂಡವರುಂಟು. ಹಗೇವಿದ್ದವನೇ ಊರಿನ ಬ್ಯಾಂಕು. ಆಷಾಢ ಶ್ರಾವಣಗಳಲ್ಲಿ, ಬಡವನ ಗುಡಾಣ ಬರಿದಾಗಿ ಹೊಲದಲ್ಲಿ ಪೈರು ಇನ್ನೂ ಎಳೆಯದಾಗಿರುವಾಗ, ಈ ಬ್ಯಾಂಕಿನ ಬಾಗಿಲು ತೆರೆಯುತ್ತಿತ್ತು. ನಾಲ್ಕು ಕೊಳಗ ಒಯ್ದವನು ಸುಗ್ಗಿಯಲ್ಲಿ ಐದು ಕೊಳಗ ಹಿಂದಿರುಗಿಸಬೇಕು ಎಂದಿಟ್ಟುಕೊಳ್ಳೋಣ. ಆರು ತಿಂಗಳಿಗೆ ಕಾಲು ಭಾಗ. ವರ್ಷದ ಲೆಕ್ಕದಲ್ಲಿ ನೂರಕ್ಕೆ ಐವತ್ತು ಬಡ್ಡಿ!

ಹಾಗಾದರೆ ಕಾಸಿನ ಸಾಲ ಮೇಲಾಗಿತ್ತೆ? ಅದನ್ನೂ ಲೆಕ್ಕ ಹಾಕಿ ನೋಡಬಹುದು. ಮಳೆಗಾಲದ ತುಟ್ಟಿಯಲ್ಲಿ ಒಂದು ರೂಪಾಯಿಗೆ ಹನ್ನೆರಡು ಸೇರು ರಾಗಿ, ಸುಗ್ಗಿಯ ಅಗ್ಗದಲ್ಲಿ ಹದಿನಾರು ಸೇರು ಎನ್ನೋಣ. ರೂಪಾಯಿ ಸಾಲ ತಂದವನು ಹನ್ನೆರಡು ಸೇರು ಉಂಡು, ಅದೇ ರೂಪಾಯಿಯನ್ನು ತೀರಿಸಲು ಹದಿನಾರು ಸೇರು ಮಾರಬೇಕು. ಬಡ್ಡಿಯ ಮಾತೆತ್ತುವ ಮುನ್ನವೇ ಮೂರರಲ್ಲೊಂದು ಪಾಲು ಹೆಚ್ಚಾಗಿ ತೆತ್ತಂತಾಯಿತು. ಆದುದರಿಂದಲೇ ರೈತ ಕಾಸಿನ ಸಾಲಕ್ಕಿಂತ ಕಾಳಿನ ಸಾಲವನ್ನೇ ನೆಚ್ಚಿದ. ಅದು ಅವನ ಅಜ್ಞಾನವಲ್ಲ, ಲೆಕ್ಕಾಚಾರ. ಕಾಳೂ ಇಲ್ಲದ, ಭೂಮಿಯೂ ಇಲ್ಲದವನು ಮಾತ್ರ ಸಾಲಕ್ಕೆ ತನ್ನ ಮೈಯನ್ನೇ ಒತ್ತೆಯಿಟ್ಟು ಜೀತಕ್ಕೆ ನಿಲ್ಲುತ್ತಿದ್ದ. ಎಷ್ಟೋ ವೇಳೆ ತಂದೆಯ ಸಾಲಕ್ಕೆ ಮಗ ನಿಲ್ಲುತ್ತಿದ್ದ. ಮೈಸೂರಿನಲ್ಲಿ ೧೯೦೫ರಲ್ಲಿಯೇ ಸಹಕಾರ ಸಂಘಗಳ ಕಾನೂನು ಬಂದಿತಾದರೂ, ಸಂಘದ ಸಾಲಕ್ಕೆ ಜಾಮೀನು ಬೇಕು. ಜಾಮೀನಿಲ್ಲದವನಿಗೆ ಹಗೇವೇ ಗತಿ.

ಇಷ್ಟಿದ್ದರೂ ಕಾಸಿಲ್ಲದೆ ಯಾರಿಗೂ ನಡೆಯುವಂತಿರಲಿಲ್ಲ. ಕಂದಾಯದ ಕಿಸ್ತು ಕಾಸಿನಲ್ಲಿಯೇ ಸಲ್ಲಬೇಕು. ಉಪ್ಪು, ಕಬ್ಬಿಣ, ಸೀಮೆಎಣ್ಣೆ, ಬೆಂಕಿಪೆಟ್ಟಿಗೆ, ಗಿರಣಿ ಬಟ್ಟೆ, ಇವು ಆಯದ ಕಟ್ಟಳೆಗೆ ಒಳಪಟ್ಟವಲ್ಲ, ಹೊರಗಿನಿಂದ ಬರತಕ್ಕವು. ಈ ಕಾಸನ್ನು ಒದಗಿಸುತ್ತಿದ್ದುದು ಸಂತೆ.

ಸಂತೆಗೆ ಮೂರು ಮೊಳ ನೇಯ್ದಂತೆ ಎಂಬ ಗಾದೆಯನ್ನು ಅವಸರದ ಕೆಲಸವನ್ನು ಹಳಿಯಲು ಬಳಸುತ್ತೇವೆ. ಅದರ ಹಿಂದಿನ ಸಂಕಟವನ್ನು ನೆನೆಯುವುದಿಲ್ಲ. ವಾರದ ಆ ಒಂದು ದಿನ ತಪ್ಪಿದರೆ ಮುಂದಿನ ಎಂಟು ದಿನ ಮನೆಯಲ್ಲಿ ಉಪ್ಪಿಲ್ಲ. ಹಳ್ಳಿಯ ಹೆಣ್ಣುಮಗಳು ಮಡಿಲಲ್ಲಿ ಕೋಳಿಮೊಟ್ಟೆಯನ್ನೋ, ಗಂಟಿನಲ್ಲಿ ಹರಳು, ಹುಚ್ಚೆಳ್ಳು, ಹುಣಿಸೆಯನ್ನೋ ಕಟ್ಟಿಕೊಂಡು ಬಂದು, ಮೊದಲು ಮಾರಿ, ಬಂದ ಬಿಲ್ಲೆಯಲ್ಲಿ ಉಪ್ಪು, ವೀಳ್ಯದೆಲೆ, ಕೈತುಂಬ ಬಳೆ ಕೊಂಡು ಹೊತ್ತು ಮುಳುಗುವುದರೊಳಗೆ ಮನೆ ಸೇರಬೇಕು. ಕುರುಬರ ಕಂಬಳಿ, ಮೇದರ ಮೊರ, ಕುಂಬಾರರ ಮಡಕೆ ಅಲ್ಲಿ ಕೂಡುತ್ತಿದ್ದವು. ಕಾಡಿನಿಂದ ಇರುಳಿಗರು ಜೇನು, ಸೀಗೆಕಾಯಿ ತರುತ್ತಿದ್ದರು. ಅದೇ ಕಾಡಿನ ಶ್ರೀಗಂಧ ಮಾತ್ರ ಯಾವ ಸಂತೆಗೂ ಬರುವಂತಿರಲಿಲ್ಲ. ರೈತನ ಹಿತ್ತಲಲ್ಲಿ ಬೆಳೆದ ಗಂಧದ ಮರವೂ ಆಗ ಸರ್ಕಾರದ ಸೊತ್ತು.

ರೂಪಾಯಿಗೆ ೧೬ ಆಣೆ, ಆಣೆಗೆ ೧೨ ಕಾಸು. ಹೀಗೆ ಒಂದು ರೂಪಾಯಿಯೊಳಗೆ ೧೯೨ ಕಾಸುಗಳು. ಒಂದು ಕಾಸಿಗೂ ಕೊಳ್ಳುವ ಶಕ್ತಿಯಿದ್ದ ಕಾಲವದು. ಸಂತೆಯಲ್ಲಿ ಆಯಗಾರನೂ ಬೆಲೆ ಕೇಳಬಹುದಾಗಿತ್ತು, ಒಪ್ಪದಿದ್ದರೆ ಎದ್ದು ಪಕ್ಕದವನ ಬಳಿಗೆ ಹೋಗಬಹುದಾಗಿತ್ತು. ಕಣದಲ್ಲಿ ದೊರೆಯದ ಈ ಸ್ವಾತಂತ್ರ್ಯ ಅವನಿಗೆ ಅಲ್ಲಿ ಎಷ್ಟೋ ಮಟ್ಟಿಗೆ ದೊರೆಯಿತು. ಎಷ್ಟೋ ಮಟ್ಟಿಗೆ ಎನ್ನುವುದಕ್ಕೆ ಕಾರಣವುಂಟು. ಅಸ್ಪೃಶ್ಯನೆನಿಸಿಕೊಂಡವನಿಗೆ ಕೊಡುವ ಚಿಲ್ಲರೆಯನ್ನು ಕೈಗೆ ಕೈ ತಾಗದಂತೆ ಮೇಲಿನಿಂದ ಹಾಕುತ್ತಿದ್ದರು. ಕಾಸಿಗೆ ಜಾತಿಯಿರಲಿಲ್ಲ; ಅದು ದಾಟುವ ಕೈಗಳಿಗಿತ್ತು.

ಮೂರನೆಯದು ಅಂಗಡಿ. ಚಟಾಕು ಎಣ್ಣೆ, ಹಿಡಿ ಬೆಲ್ಲ, ಒಂದಿಷ್ಟು ಹೊಗೆಸೊಪ್ಪು, ಇದು ಅದರ ದಿನದ ವ್ಯಾಪಾರ. ಅಳೆದ ಮೇಲೆ ಒಂದಿಷ್ಟು ಕೊಸರು ಹಾಕದಿದ್ದರೆ ಗಿರಾಕಿಗೆ ಸಮಾಧಾನವಿಲ್ಲ. ಶೆಟ್ಟರ ಲೆಕ್ಕ ಕಡತದಲ್ಲಿ. ಓದುಬರಹವಿಲ್ಲದ ಗಿರಾಕಿಯ ಲೆಕ್ಕ ಅವನ ಮನೆಯ ಗೋಡೆಯ ಮೇಲಿನ ಇದ್ದಲಿನ ಗೆರೆಗಳಲ್ಲಿ. ಎರಡೂ ತಾಳೆಯಾಗದ ದಿನ ಗೆಲ್ಲುತ್ತಿದ್ದುದು ಕಡತವೇ. ಅಕ್ಷರವೂ ಒಂದು ಅಳತೆಯ ಪಾತ್ರೆ ಎಂಬುದನ್ನು ಹಳ್ಳಿಗರು ಶಾಲೆಗಿಂತ ಮೊದಲು ಅಂಗಡಿಯಲ್ಲಿ ಕಲಿತರು.

ಈ ಮೂರು ಲೆಕ್ಕಗಳನ್ನೂ ಅಲುಗಿಸಿದ್ದು ಒಂದು ಹುಳು. ಟಿಪ್ಪುವಿನ ಕಾಲದಿಂದ ಮೈಸೂರಿಗೆ ಪರಿಚಿತವಾಗಿದ್ದ ರೇಷ್ಮೆಗೆ ೧೯೧೪ರಲ್ಲಿ ಪ್ರತ್ಯೇಕ ಇಲಾಖೆಯೇ ಆಯಿತು. ಕನಕಪುರ, ರಾಮನಗರ, ಚನ್ನಪಟ್ಟಣ, ನದಿಯಾಚೆಯ ಕೊಳ್ಳೇಗಾಲ, ಇವೆಲ್ಲ ಹಿಪ್ಪುನೇರಳೆಯ ಸೀಮೆಗಳು. ರಾಗಿ ವರ್ಷಕ್ಕೊಮ್ಮೆ ಮನೆಗೆ ಬಂದರೆ ಮೈಸೂರು ತಳಿಯ ಹುಳು ವರ್ಷಕ್ಕೆ ಐದಾರು ಬೆಳೆ ಕೊಡುತ್ತದೆ. ಸೊಪ್ಪು ಹೆಚ್ಚಿ ಹಾಕುವುದು, ತಟ್ಟೆ ಶುಚಿಮಾಡುವುದು, ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುವುದು ಬಹುಮಟ್ಟಿಗೆ ಹೆಂಗಸರ ಕೆಲಸ. ಸುಗ್ಗಿಯ ತನಕ ಕಾಯದೆ, ಹಗೇವಿನ ಬಾಯಿ ನೋಡದೆ, ಮನೆಗೆ ಕಾಸು ಬರುವ ದಾರಿಯೊಂದು ತೆರೆಯಿತು.

ಅದರ ಜೊತೆಗೆ ಹೊಸ ಅಪಾಯವೂ ಬಂದಿತು. ಗೂಡು ಬಹಳ ದಿನ ಕಾಯುವ ಸರಕಲ್ಲ. ಒಳಗಿನ ಹುಳು ಚಿಟ್ಟೆಯಾಗಿ ಹೊರಬಂದರೆ ನೂಲು ಹಾಳು. ಮಾರುವವನಿಗೆ ಅವಸರ, ಕೊಳ್ಳುವವನಿಗೆ ನಿಧಾನ. ಮುಂಗಡ ಕೊಟ್ಟ ವ್ಯಾಪಾರಿ ತಾನು ಹೇಳಿದ ಬೆಲೆಗೆ ಗೂಡು ಒಯ್ಯುತ್ತಿದ್ದ. ಅವನ ಬೆಲೆಯನ್ನಾದರೋ ಹಳ್ಳಿಗರು ಕಾಣದ ದೇಶಗಳು ನಿರ್ಧರಿಸುತ್ತಿದ್ದವು. ೧೯೨೯ರ ನಂತರದ ಜಗತ್ತಿನ ಆರ್ಥಿಕ ಮುಗ್ಗಟ್ಟಿನಲ್ಲಿ, ಜಪಾನು ಚೀನಗಳ ಅಗ್ಗದ ರೇಷ್ಮೆಯ ಮುಂದೆ ಮೈಸೂರಿನ ರೇಷ್ಮೆಯ ಧಾರಣೆ ಕುಸಿಯಿತು. ಅನೇಕರು ಹಿಪ್ಪುನೇರಳೆಯನ್ನು ಕಿತ್ತರು. ೧೯೩೪ರಲ್ಲಿ ಆಮದು ಸುಂಕದ ರಕ್ಷಣೆ ಬರುವ ತನಕ ಚೇತರಿಕೆಯಿರಲಿಲ್ಲ. ಕಣದ ಅನ್ಯಾಯಕ್ಕೆ ಒಂದು ಮುಖವಾದರೂ ಇತ್ತು. ಈ ನಷ್ಟಕ್ಕೆ ಯಾರನ್ನು ಕೇಳಬೇಕೆಂಬುದೇ ರೈತನಿಗೆ ತಿಳಿಯಲಿಲ್ಲ.

ಕೊನೆಗೆ ಹಳ್ಳಿಯ ವ್ಯಾಪಾರವನ್ನು ತಿದ್ದಿದ್ದು ಕಾಸೂ ಅಲ್ಲ, ಕೊಳಗವೂ ಅಲ್ಲ. ಅಳತೆ ಒಬ್ಬನ ಕೈಯಿಂದ ಹತ್ತು ಜನರ ಕಣ್ಣೆದುರಿಗೆ ಬಂದದ್ದು. ೧೯೫೭ರಲ್ಲಿ ಆಣೆ ಹೋಗಿ ನಯಾಪೈಸೆ ಬಂದಿತು. ಅದರ ಬೆನ್ನಿಗೆ ಮೆಟ್ರಿಕ್ ತೂಕ, ಅಳತೆಗಳು ಬಂದು ಊರಿಗೊಂದು ಕೊಳಗವೆಂಬುದು ನಿಂತಿತು. ೧೯೫೯ರ ಕಾನೂನಿನಿಂದ ಗೂಡಿನ ಮಾರಾಟ ಸರ್ಕಾರದ ಮಾರುಕಟ್ಟೆಯ ಬಹಿರಂಗ ಹರಾಜಿಗೆ ಬಂದಿತು. ೧೯೬೧ರ ಕಾನೂನು ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನೂ, ೧೯೭೬ರ ಕಾನೂನು ಜೀತವನ್ನೂ ರದ್ದುಪಡಿಸಿದವು. ಕಾನೂನು ಬಂದ ಮಾತ್ರಕ್ಕೆ ಅನ್ಯಾಯ ಅಳಿಯಿತೆಂದು ಯಾರೂ ಹೇಳಲಾರರು. ಆದರೆ ತಕ್ಕಡಿಯನ್ನು ನೋಡುವ, ಪ್ರಶ್ನಿಸುವ ಹಕ್ಕು ಕಣದ ಹೊರಗೆ ನಿಂತವನಿಗೂ ಬಂದಿತು.

ಹಿಂದಿನ ಹಳ್ಳಿಯನ್ನು ಹೊಗಳುವವರು ಮುರಿದ ನೊಗವನ್ನು ಕಾಸು ಕೇಳದೆ ಕಟ್ಟಿಕೊಟ್ಟ ಬಡಗಿಯನ್ನು ನೆನೆಯಲಿ, ನೆನೆಯತಕ್ಕದ್ದೇ. ಅದರೊಡನೆ, ಆ ವರ್ಷ ಆತನ ಕೊಳಗಕ್ಕೆ ಗೋಪುರವಿತ್ತೇ ಎಂದೂ ಕೇಳಲಿ. ಸೇರು, ಕೊಳಗಗಳು ವ್ಯಾಪಾರದಿಂದ ಮರೆಯಾದರೂ ಈ ಸೀಮೆಯ ಅಡಿಗೆಮನೆಗಳಲ್ಲಿ ಅಕ್ಕಿ ಅಳೆಯಲು ಪಾವು ಇನ್ನೂ ಉಳಿದಿದೆ. ಅಳೆಯುವ ಕೈಯೂ ಉಣ್ಣುವ ಬಾಯಿಯೂ ಅಲ್ಲಿ ಒಂದೇ ಮನೆಯವು. ಸವರಿ ಅಳೆದರೂ ತುಂಬಿ ಅಳೆದರೂ ಅಲ್ಲಿ ಯಾರಿಗೂ ಮೋಸವಿಲ್ಲ.