ಇಲ್ಲದ ಕೈಯ ನೋವು

ತೊರವೆಯ ನರಹರಿಯ ರಾಮಾಯಣವನ್ನು ಓದಿದವರಿಗೆ ಶೂರ್ಪನಖಿಯ ಮೂಗು ಹೋದ ಪ್ರಸಂಗ ಹೊಸದಲ್ಲ. ನಮ್ಮ ನಾಡಿನ ಚರಿತ್ರೆಯಲ್ಲಿಯೂ ಮೂಗು ಕಳೆದುಕೊಂಡು ಜಗತ್ತಿಗೆ ಪರಿಚಿತನಾದವನೊಬ್ಬನಿದ್ದಾನೆ. ಅವನು ಕೊವಾಸ್‌ಜಿ. 1792ರಲ್ಲಿ ಮುಗಿದ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿನ ಎತ್ತುಗಳನ್ನು ಹೊಡೆಯುತ್ತಿದ್ದ ಈ ಮರಾಠನು ಟೀಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವನೊಬ್ಬನು ಹಣೆಯ ಚರ್ಮವನ್ನು ಇಳಿಸಿ ಅವನಿಗೆ ಹೊಸ ಮೂಗನ್ನು ಕಟ್ಟಿದನು. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಈ ವೃತ್ತಾಂತವನ್ನು ಚಿತ್ರಸಹಿತ ಪ್ರಕಟಿಸಿತು. ಮೂಗಿನ ಕಥೆ ಸವಿಸ್ತಾರವಾಗಿ ಬಂದಿತು. ಕೈಯ ಮಾತು ಅಲ್ಲಿಗೇ ನಿಂತಿತು.

ಕಡಿದುಹೋದ ಕೈಯೂ ನೋಯುವುದೆಂಬುದನ್ನು ಹದಿನಾರನೆಯ ಶತಮಾನದ ಫ್ರೆಂಚ್ ರಣವೈದ್ಯ ಪಾರೆ ಗಮನಿಸಿದ್ದುಂಟು. ಆದರೆ ಅದನ್ನು ಕಿವಿಗೊಟ್ಟು ಕೇಳಲು ಅಮೆರಿಕದ ಅಂತರ್ಯುದ್ಧವೇ ನಡೆಯಬೇಕಾಯಿತು. ಫಿಲಡೆಲ್ಫಿಯಾದ ಟರ್ನರ್ಸ್ ಲೇನ್ ಆಸ್ಪತ್ರೆಯಲ್ಲಿ ನರಗಳಿಗೆ ಪೆಟ್ಟುಬಿದ್ದ ಸೈನಿಕರನ್ನು ಒಂದೆಡೆ ಕೂಡಿಸಿದ್ದರು. ಒಂದೇ ಬಗೆಯ ಗಾಯ, ಹತ್ತಾರು ದೇಹ. ಹೋಲಿಸಿ ನೋಡುವ ಇಂಥ ಅವಕಾಶ ಶಾಂತಿಕಾಲದ ವೈದ್ಯನಿಗೆ ಎಲ್ಲಿಯದು? ವೀರ್ ಮಿಚೆಲ್, ಮೋರ್‌ಹೌಸ್, ಕೀನ್ ಎಂಬ ಮೂವರು ವೈದ್ಯರು ತಾವು ಕಂಡುದನ್ನು 1864ರಲ್ಲಿ ಗ್ರಂಥವಾಗಿಸಿದರು. ಗಾಯ ಮಾಯ್ದ ಮೇಲೂ ಕೆಲವರ ಅಂಗೈ ಬೆಂಕಿಯಂತೆ ಉರಿಯುತ್ತಿತ್ತು. ಒದ್ದೆಬಟ್ಟೆಯನ್ನು ಅವರು ಕ್ಷಣವೂ ಬಿಡುತ್ತಿರಲಿಲ್ಲ. ಬೂಟಿನೊಳಗೇ ನೀರು ಸುರಿದುಕೊಳ್ಳುತ್ತಿದ್ದವರೂ ಇದ್ದರು. ಪಕ್ಕದಲ್ಲಿ ಯಾರಾದರೂ ವೃತ್ತಪತ್ರಿಕೆಯನ್ನು ಮಡಿಸಿದರೆ ಆ ಸಪ್ಪಳಕ್ಕೇ ನೋವು ಕೆರಳುತ್ತಿತ್ತು. ಇಂಥವರನ್ನು ಸೋಗುಗಾರರೆನ್ನುವುದು ಎಷ್ಟು ಸುಲಭ! ಸೋಗನ್ನು ಪತ್ತೆಹಚ್ಚುವ ಬಗೆಯನ್ನೂ ಅದೇ ಮೂವರು ಬರೆದರು. ನಿಜವಾದ ನೋವನ್ನು ನಂಬಲು ಅದೂ ಬೇಕಾಗಿತ್ತೇನೋ.

ಇಲ್ಲದ ಅಂಗದ ಸಂಗತಿಯನ್ನು ಮಿಚೆಲ್ ಮೊದಲು ಹೇಳಿದ್ದು ಕಥೆಯಾಗಿ. 1866ರಲ್ಲಿ ಅನಾಮಧೇಯವಾಗಿ ಪ್ರಕಟವಾದ ಆ ಕಥೆಯ ನಾಯಕ ಜಾರ್ಜ್ ಡೆಡ್ಲೋಗೆ ಕೈಕಾಲು ನಾಲ್ಕೂ ಇಲ್ಲ. ಓದುಗರು ಅದನ್ನು ನಿಜವೆಂದೇ ನಂಬಿ ಅವನಿಗಾಗಿ ಹಣ ಕಳುಹಿದರು! ಆ ವೇದನೆಗೆ ಮಿಚೆಲ್ ‘ಭೂತಾಂಗ’ವೆಂಬ ಅರ್ಥದ ಹೆಸರಿಟ್ಟುದು 1871ರಲ್ಲಿ.

ಮುಂದಿನ ಯುದ್ಧಗಳು ಮಿದುಳಿನ ನಕ್ಷೆಯನ್ನೇ ಬರೆಸಿದವು. 1904–05ರ ರಷ್ಯಾ–ಜಪಾನ್ ಯುದ್ಧದಲ್ಲಿ ತಲೆಗೆ ಗುಂಡು ತಗುಲಿದವರ ಪಿಂಚಣಿಗಾಗಿ ದೃಷ್ಟಿಯನ್ನು ಅಳೆದ ಇನೌಯೆ, ಮೊದಲನೆಯ ಮಹಾಯುದ್ಧದ ಗಾಯಾಳುಗಳನ್ನು ಪರೀಕ್ಷಿಸಿದ ಗಾರ್ಡನ್ ಹೋಮ್ಸ್ ಇಬ್ಬರೂ ಮಿದುಳಿನ ಹಿಂಭಾಗದಲ್ಲಿ ನೋಟದ ಯಾವ ಭಾಗ ಎಲ್ಲಿದೆಯೆಂಬುದನ್ನು ಗುರುತಿಸಿದರು.

1990ರ ದಶಕದಲ್ಲಿ ವಿ. ಎಸ್. ರಾಮಚಂದ್ರನ್ ಅವರು ಕೈ ಕಳೆದುಕೊಂಡವರ ಮುಂದೆ ಒಂದು ಕನ್ನಡಿಯನ್ನಿಟ್ಟರು. ಉಳಿದ ಕೈಯ ಪ್ರತಿಬಿಂಬವು ಹೋದ ಕೈಯ ಸ್ಥಳದಲ್ಲಿ ಕಾಣುವುದು. ಇದ್ದ ಮುಷ್ಟಿಯನ್ನು ಬಿಚ್ಚಿದಾಗ, ಬಿಗಿದು ನೋಯುತ್ತಿದ್ದ ಇಲ್ಲದ ಮುಷ್ಟಿಯೂ ಬಿಚ್ಚಿಕೊಂಡಿತೆಂದು ಕೆಲವರು ಹೇಳಿದರು.