ಅನಿರೀಕ್ಷಿತ ಹೆಚ್ಚುವರಿ ಆದಾಯ: ಬೋಧಿಸುವುದು ಹೇಗೆ?

ಸರ್ಕಾರದ ಆದಾಯ-ವೆಚ್ಚದ ಪಾಠದಲ್ಲಿ ಪ್ರಶಿಕ್ಷಣಾರ್ಥಿಗಳು ಕೊರತೆಯ ಆಯವ್ಯಯವನ್ನು ವಿವರವಾಗಿ ಬೋಧಿಸಿ, ಹೆಚ್ಚುವರಿ ಆಯವ್ಯಯವನ್ನು ಒಂದೇ ವಾಕ್ಯದಲ್ಲಿ ಮುಗಿಸುವುದುಂಟು. ಹಣ ಹೆಚ್ಚಾದರೆ ತೊಂದರೆ ಏನು ಎಂಬ ಭಾವನೆಯೇ ಇದಕ್ಕೆ ಕಾರಣ. ಆದರೆ ಎದುರು ನೋಡದೆ ಬಂದ ಹಣವನ್ನು ನಿರ್ವಹಿಸುವುದೂ ಕಷ್ಟದ ಕೆಲಸವೇ. ಅಮೆರಿಕದ ಅಲಾಸ್ಕ ರಾಜ್ಯದ ಅನುಭವ ಇದನ್ನು ಚೆನ್ನಾಗಿ ತೋರಿಸುತ್ತದೆ.

1968ರಲ್ಲಿ ಅಲಾಸ್ಕದ ಪ್ರೂಡೋ ಕೊಲ್ಲಿಯ ಬಳಿ ತೈಲ ನಿಕ್ಷೇಪ ಪತ್ತೆಯಾಯಿತು. ಮರುವರ್ಷ ಅಲ್ಲಿನ ಭೂಮಿಯ ಗುತ್ತಿಗೆ ಹರಾಜಿನಿಂದ ರಾಜ್ಯಕ್ಕೆ ಸುಮಾರು 90 ಕೋಟಿ ಡಾಲರ್ ಬಂದಿತು. ಇದು ರಾಜ್ಯದ ಒಂದು ವರ್ಷದ ವೆಚ್ಚದ ಹಲವು ಪಟ್ಟು. ಶಾಲೆ, ನೀರು, ಆರೋಗ್ಯ, ವಿಮಾನ ನಿಲ್ದಾಣ ಹೀಗೆ ಅಗತ್ಯ ಕೆಲಸಗಳಿಗೇ ಖರ್ಚಾಗಿ, ಕೆಲವೇ ವರ್ಷಗಳಲ್ಲಿ ಹಣ ಮುಗಿಯಿತು. ಹರಾಜಿನ ಹಣ ಬರುವುದು ಒಮ್ಮೆ. ಕಟ್ಟಿದ ಶಾಲೆಗೆ ಶಿಕ್ಷಕರ ಸಂಬಳ ಬೇಕಾಗುವುದು ಪ್ರತಿ ವರ್ಷ.

1976ರಲ್ಲಿ ಮತದಾರರು ಸಂವಿಧಾನ ತಿದ್ದುಪಡಿಗೆ ಒಪ್ಪಿಗೆಯಿತ್ತರು. ಖನಿಜ ರಾಜಧನದ ಕನಿಷ್ಠ ಶೇ. 25 ಭಾಗ ಶಾಶ್ವತ ನಿಧಿಗೆ ಹೋಗಬೇಕು. ಅಸಲನ್ನು ಹೂಡಬಹುದೇ ಹೊರತು ಖರ್ಚು ಮಾಡುವಂತಿಲ್ಲ. ಅದರ ಗಳಿಕೆಯಿಂದ 1982ರಲ್ಲಿ ಅರ್ಹ ನಿವಾಸಿಗಳಿಗೆ ತಲಾ 1,000 ಡಾಲರ್ ಮೊದಲ ಲಾಭಾಂಶ ದೊರೆಯಿತು. ಆದರೂ 1986ರಲ್ಲಿ ತೈಲದ ಬೆಲೆ ಕುಸಿದಾಗ ರಾಜ್ಯ ಸಂಕಷ್ಟಕ್ಕೆ ಸಿಲುಕಿತು. ನಿಧಿ ಇದ್ದರೂ, ಆಡಳಿತದ ದಿನನಿತ್ಯದ ವೆಚ್ಚ ತೈಲದ ಆದಾಯವನ್ನೇ ನೆಚ್ಚಿತ್ತು.

ತರಗತಿಯಲ್ಲಿ ಇದನ್ನು ಮನೆಯ ಲೆಕ್ಕದಿಂದ ಆರಂಭಿಸಿ. ಈ ವರ್ಷ ಅಡಿಕೆಗೆ ಒಳ್ಳೆಯ ಬೆಲೆ ಬಂದಿದೆ. ಸಾಲ ತೀರಿಸುವುದು, ಹಳೆಯ ಪಂಪ್‌ಸೆಟ್ ಬದಲಿಸುವುದು, ಕಂತಿನ ಮೇಲೆ ಕಾರು ಕೊಳ್ಳುವುದು, ಆಪತ್ಕಾಲಕ್ಕೆ ಇಡುವುದು ಎಂಬ ನಾಲ್ಕು ಆಯ್ಕೆಗಳನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ‘ಮುಂದಿನ ವರ್ಷ ಬೆಲೆ ಇಳಿದರೂ ಯಾವ ಖರ್ಚು ಬೆನ್ನು ಬಿಡುವುದಿಲ್ಲ?’ ಎಂದು ಕೇಳಿ. ಕಾರಿನ ಕಂತನ್ನು ಮಕ್ಕಳೇ ಗುರುತಿಸುತ್ತಾರೆ. ಆಗ ಅಲಾಸ್ಕದ ಪ್ರಸಂಗ ಹೇಳಿ.

‘ಉಳಿತಾಯ ಒಳ್ಳೆಯದು’ ಎಂಬ ನೀತಿಬೋಧೆಗೆ ಪಾಠವನ್ನು ಇಳಿಸಬೇಡಿ. ಕುಡಿಯುವ ನೀರಿಲ್ಲದ ಊರಿನಲ್ಲಿ ಹಣವನ್ನೆಲ್ಲ ಕೂಡಿಡುವುದು ಜಾಣತನವಲ್ಲ. ಒಂದು ಬಾರಿಯ ಆದಾಯವನ್ನು ನಂಬಿ ಪ್ರತಿ ವರ್ಷದ ವೆಚ್ಚವನ್ನು ಹೊತ್ತುಕೊಳ್ಳಬಾರದು ಎಂಬ ವಿವೇಚನೆ ಮೂಡಿದರೆ ಪಾಠದ ಉದ್ದೇಶ ಈಡೇರಿದಂತೆ.